ಹೊಸ ಮನೆಯ ಹಳೆಯ ಕುಂದುಗಳು

ಗೃಹಪ್ರವೇಶದ ದಿನ ಯಾರೂ ನಿಜವನ್ನು ನುಡಿಯುವುದಿಲ್ಲ. ಅದು ನುಡಿಯತಕ್ಕ ದಿನವೂ ಅಲ್ಲ. ಬಾಗಿಲಿಗೆ ಮಾವಿನ ತೋರಣ ಕಟ್ಟಿರುತ್ತದೆ; ಹೋಮದ ಹೊಗೆ ಇನ್ನೂ ಸೂರಿನ ಕೆಳಗೆ ಸುಳಿಯುತ್ತಿರುತ್ತದೆ; ಯಜಮಾನರು ಬಂದವರನ್ನೆಲ್ಲ ಕೋಣೆಯಿಂದ ಕೋಣೆಗೆ ಕರೆದೊಯ್ದು ತೋರಿಸುತ್ತಿರುತ್ತಾರೆ. ಬಂದವರು ಗೋಡೆಯನ್ನು ತಟ್ಟಿ, ನಲ್ಲಿಯನ್ನೊಮ್ಮೆ ತಿರುಗಿಸಿ, ಬಹಳ ಅಚ್ಚುಕಟ್ಟಾಗಿದೆಯೆಂದು ಹೇಳಿ ಊಟದ ಎಲೆಗೆ ನಡೆಯುತ್ತಾರೆ. ನಿಜವೆಂಬುದು ಹೊರಬೀಳುವುದು ಒಂದು ಮಳೆಗಾಲ ಕಳೆದ ಮೇಲೆ. ಆಗಲೂ ಅದು ಯಜಮಾನರ ಬಾಯಿಂದ ಬರುವುದು ಅಪೂರ್ವ. ಸಾಲ ತಂದು, ಮೇಸ್ತ್ರಿಯೊಡನೆ ಹೆಣಗಿ ಕಟ್ಟಿಸಿದ ಮನೆಯ ಮೇಲೆ ಅವರಿಗೆ ಮಮತೆ ಸಹಜವೇ. ನಿಜವನ್ನು ಹೇಳುವವರು ಆ ಮನೆಯಲ್ಲಿ ಪೊರಕೆ ಹಿಡಿದವರು, ಸೌಟು ಹಿಡಿದವರು, ಗೋಡೆ ಹಿಡಿದುಕೊಂಡು ನಡೆಯುವವರು.

ಇಂಥ ದೂರುಗಳಿಗೆ ಕಿವಿಗೊಡುವ ಹವ್ಯಾಸ ನನಗೆ ಬಹುಕಾಲದಿಂದ ಇದೆ. ಅವು ಊರೂರಿಗೂ ಬೇರೆಯಾಗಿರಬಹುದೆಂದು ತೋರುತ್ತದಲ್ಲವೇ? ಹಾಗೇನೂ ಇಲ್ಲ. ಶಿವಮೊಗ್ಗೆಯಲ್ಲಿ ಕೇಳಿದ್ದನ್ನೇ ಧಾರವಾಡದಲ್ಲಿಯೂ ಕೇಳಿದ್ದೇನೆ. ಕನ್ನಡಿಯಂತೆ ಹೊಳೆಯುವ ನೆಲ, ನಾಲ್ಕು ಹನಿ ನೀರು ಬಿದ್ದರೆ ಜಾರುವುದು. ಬಚ್ಚಲಿನ ನೆಲದ ಇಳಿಜಾರು ನೀರಿನ ಕಂಡಿಯ ಕಡೆಗಿರದೆ ಎದುರು ಮೂಲೆಯ ಕಡೆಗಿರುವುದು, ಪ್ರತಿ ಸ್ನಾನದ ಬಳಿಕವೂ ಯಾರಾದರೊಬ್ಬರು ನೀರನ್ನು ತಳ್ಳಬೇಕಾಗಿ ಬರುವುದು. ಬೀದಿಯ ಕಡೆಗೆ ತೆರೆಯಲಾಗದ ದೊಡ್ಡ ಗಾಜು. ಅದರ ಹೊರಮೈಯನ್ನು ಒರಸುವುದಕ್ಕೆ ಮನುಷ್ಯನ ಕೈ ಎಟುಕದು. ಎರಡು ಅಂತಸ್ತಿನ ಎತ್ತರಕ್ಕೆ ತೆರೆದ ಹಜಾರ. ಅದರ ನೆತ್ತಿಯಲ್ಲಿ ಜೇಡ ಬಲೆ ಕಟ್ಟಿದರೆ ಆ ಬಲೆ ಮುಂದಿನ ಸುಣ್ಣಬಣ್ಣದವರೆಗೆ ಅಲ್ಲೇ. ಮಲಗುವ ಕೋಣೆಗೊಂದರಂತೆ ಬಚ್ಚಲುಂಟು, ಒಗೆದ ಬಟ್ಟೆಯನ್ನು ಹರವಲು ಎರಡು ಮಾರು ಜಾಗವಿಲ್ಲ. ನಾಲ್ಕು ಲಕ್ಷ ರೂಪಾಯಿನ ಮರಗೆಲಸವುಂಟು, ಪೊರಕೆ ನಿಲ್ಲಿಸುವುದಕ್ಕೆ ಒಂದು ಗೇಣು ಮರೆಯಿಲ್ಲ.

ಇವನ್ನೆಲ್ಲ ನಮ್ಮ ವಿದ್ಯಾವಂತರು ಅಭಿರುಚಿಯ ಮಾತೆಂದು ತಳ್ಳಿಹಾಕುತ್ತಾರೆ. ಒಬ್ಬರಿಗೆ ಹಿಡಿಸಿದ್ದು ಇನ್ನೊಬ್ಬರಿಗೆ ಹಿಡಿಸದು, ಅದಕ್ಕೇನು ಮಾಡುವುದು ಎಂಬ ಉದಾರವಾದ. ಗೋಡೆಯ ಬಣ್ಣದ ವಿಷಯದಲ್ಲಿ ನಾನಿದನ್ನು ಒಪ್ಪಿಯೇನು. ಆದರೆ ಮೇಲಿನ ದೂರುಗಳನ್ನು ಇನ್ನೊಮ್ಮೆ ನೋಡಿ: ಒಂದೊಂದರ ಹಿಂದೆಯೂ ಬಗ್ಗಿದ ಒಂದು ಬೆನ್ನು, ಎಟುಕದ ಒಂದು ಕೈ ಇದೆ. ಯಾರ ಕಣ್ಣಿಗಾಗಿ ಆ ಅಂಗ ಕಟ್ಟಲ್ಪಟ್ಟಿತೋ ಅವರು ಅದರ ಕೆಲಸ ಮಾಡುವವರಲ್ಲ. ಯಾರು ಕೆಲಸ ಮಾಡುತ್ತಾರೋ ಅವರನ್ನು ನಕ್ಷೆ ಬರೆಯುವಾಗ ಯಾರೂ ಕೇಳಿರಲಿಲ್ಲ. ನನಗೆ ತೋರುವ ಮಟ್ಟಿಗೆ ಮನೆಯಲ್ಲಿ ಜನ ದ್ವೇಷಿಸುವ ಬಹುಪಾಲು ಅಂಗಗಳ ಮೂಲ ಇಷ್ಟೇ.

ಇದು ನಮ್ಮ ದೇಶಕ್ಕೆ ಮಾತ್ರ ಸಂಬಂಧಿಸಿದ ಸಂಗತಿಯೂ ಅಲ್ಲ. ಪ್ಯಾರಿಸ್ ನಗರದ ಹೊರವಲಯದಲ್ಲಿ ಪೊಯ್ಸಿ ಎಂಬ ಊರಿದೆ. ಮುಂದೆ ನಮ್ಮ ಚಂಡೀಗಢದ ನಕ್ಷೆಯನ್ನು ರೂಪಿಸಿದ ಲ ಕಾರ್ಬೂಸಿಯೇ ಅಲ್ಲಿ ಸವೋಯ್ ಕುಟುಂಬಕ್ಕೆ ಒಂದು ಬಿಳಿಯ ಮನೆಯನ್ನು ಕಟ್ಟಿಕೊಟ್ಟನು. 1931ರಲ್ಲಿ ಮುಗಿದ ಆ ಮನೆ ತೆಳು ಕಂಬಗಳ ಮೇಲೆ ನಿಂತಿದೆ. ಅದರ ಮಾಳಿಗೆ ಚಪ್ಪಟೆ. ಜಗತ್ತಿನ ವಾಸ್ತುಶಿಲ್ಪದ ವಿದ್ಯಾರ್ಥಿಗಳೆಲ್ಲ ಅದರ ಚಿತ್ರವನ್ನು ಬಲ್ಲರು. ಅದರ ಒಡತಿ ಬರೆದ ಕಾಗದಗಳನ್ನು ಬಲ್ಲವರು ಕಡಿಮೆ. ಹಜಾರದಲ್ಲಿ ನೀರು, ಮೇಲಕ್ಕೆ ಏರುವ ಇಳುಕಲಿನಲ್ಲಿ ನೀರು, ಸ್ನಾನದ ಕೋಣೆಯಲ್ಲಿ ನೀರು ಎಂದು ಆಕೆ 1936ರ ಸುಮಾರಿನಲ್ಲಿ ಶಿಲ್ಪಿಗೆ ಮತ್ತೆ ಮತ್ತೆ ಬರೆದಳು. ಕೊನೆಗೆ ಇದು ವಾಸಕ್ಕೆ ಯೋಗ್ಯವೇ ಅಲ್ಲವೆಂದು ಬರೆದಳು. 1940ರಲ್ಲಿ ಯುದ್ಧ ಹತ್ತಿರ ಬಂದಾಗ ಆ ಕುಟುಂಬ ಮನೆಯನ್ನು ತೊರೆಯಿತು. 1965ರಲ್ಲಿ ಫ್ರಾನ್ಸ್ ಸರ್ಕಾರ ಆ ಮನೆಯನ್ನು ಐತಿಹಾಸಿಕ ಸ್ಮಾರಕವೆಂದು ಸಾರಿತು. 2016ರಲ್ಲಿ ಅದು ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು. ನೋಡುವವರಿಗೆ ಅದು ಸ್ಮಾರಕ, ಇದ್ದವಳಿಗೆ ಸೋರುವ ಮನೆ. ಎರಡೂ ನಿಜವೇ.

ಚಪ್ಪಟೆ ಮಾಳಿಗೆಯ ಮೋಹ ನಮ್ಮ ಮಲೆನಾಡಿಗೂ ಕರಾವಳಿಗೂ ಬಂದು ಅನೇಕ ವರ್ಷಗಳಾದವು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದಂದಿನಿಂದ ಆ ಕೆಂಪು ಹೆಂಚು ನಮ್ಮ ಮಳೆಯನ್ನು ಎಷ್ಟು ನಿರಾಯಾಸವಾಗಿ ಇಳಿಸುತ್ತ ಬಂದಿತೆಂಬುದನ್ನು ಹೇಳಬೇಕಾಗಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲ್ಲಿಮೀಟರಿಗೂ ಮಿಕ್ಕಿ ಮಳೆ. ಅಂಥ ಸೀಮೆಯಲ್ಲಿ ಸಿಮೆಂಟಿನ ಚಪ್ಪಟೆ ಮಾಳಿಗೆಯನ್ನು ಹಾಕುವುದು, ಎರಡನೆಯ ಮಳೆಗಾಲಕ್ಕೆ ಅದರ ಮೇಲೆ ಕಬ್ಬಿಣದ ಕಂಬ ನೆಟ್ಟು ತಗಡಿನ ಇಳಿಮಾಡನ್ನು ಹೊದಿಸುವುದು! ತೀರ್ಥಹಳ್ಳಿಯ ಕಡೆ ಬಸ್ಸಿನಲ್ಲಿ ಹೋಗುತ್ತ ಕಿಟಕಿಯಿಂದ ನೋಡಿದರೆ, ಒಂದು ಮನೆ ತಲೆಯ ಮೇಲೆ ಇನ್ನೊಂದು ಸೂರನ್ನು ಹೊತ್ತು ನಿಂತಿರುವುದನ್ನು ಎಷ್ಟು ಬೇಕಾದರೂ ಕಾಣಬಹುದು. ಆದರೆ ಆ ತಗಡಿನ ಕೆಳಗೆ ಅಡಕೆಯೂ ಬಟ್ಟೆಯೂ ಒಣಗುತ್ತವೆ, ಮಕ್ಕಳು ಆಡುತ್ತಾರೆ. ನಕ್ಷೆಯವರು ಕೊಡದ ಜಗಲಿಯನ್ನು ಜನ ಮಾಳಿಗೆಯ ಮೇಲೆ ಸಂಪಾದಿಸಿಕೊಂಡಿದ್ದಾರೆಂದು ಒಮ್ಮೊಮ್ಮೆ ನನಗೆ ಸಂತೋಷವೂ ಆಗುತ್ತದೆ.

ಈ ಚರ್ಚೆಯ ಮುಖ್ಯ ರಂಗ ಅಡುಗೆಮನೆ. ಈಗಿನ ಹೊಸ ಮನೆಗಳಲ್ಲಿ ಹಜಾರಕ್ಕೂ ಅಡುಗೆಮನೆಗೂ ನಡುವೆ ಗೋಡೆಯಿಲ್ಲದಿರುವುದು ರೂಢಿಯಾಗಿದೆ. ನಮ್ಮ ಬಂಧುವರ್ಗದ ಒಬ್ಬ ಅತ್ತಿಗೆಯವರ ಮನೆಯಲ್ಲಿ ಇಂಥದೊಂದು ಅಡುಗೆಮನೆಯಿದೆ. ಕರಿಯ ಕಲ್ಲಿನ ಕಟ್ಟೆ, ಬೆಳ್ಳಗಿನ ಕಪಾಟುಗಳು. ನೋಡಲು ಬಹು ಚೆನ್ನು. ಹುಳಿಗೆ ಒಗ್ಗರಣೆ ಹಾಕುವಾಗ ಅವರು ಹಜಾರದಲ್ಲಿ ಕುಳಿತವರಿಗೆಲ್ಲ ಕೇಳುವಂತೆ ಒಂದು ಎಚ್ಚರಿಕೆ ಕೊಡುತ್ತಾರೆ. ಒಣಮೆಣಸಿನಕಾಯಿಯ ಘಾಟು ಮೊದಲು ಸೋಫಾದ ಅರಿವೆಯನ್ನು, ಆಮೇಲೆ ಮಾಡಿಗೆ ಹೊದಿಸಿದ ಹುಸಿ ಹಲಗೆಯನ್ನು, ಕಡೆಗೆ ಅತಿಥಿಗಳ ಗಂಟಲನ್ನು ಸೇರುತ್ತದೆ. "ಘಾಟು ಹೋಗಲಿ, ಅದು ಗಾಳಿಗೆ ಹೋದೀತು. ಎಂಜಲು ಪಾತ್ರೆ ಒಂದು ಗಳಿಗೆ ತೊಟ್ಟಿಯಲ್ಲಿ ನೆನೆಯುವ ಹಾಗಿಲ್ಲವಲ್ಲ, ಬಾಗಿಲಲ್ಲಿ ನಿಂತವರಿಗೂ ಕಾಣುತ್ತೆ" ಎಂಬುದು ಅವರ ಅಳಲು. ಗೋಡೆಯಿದ್ದಾಗ ಅಡುಗೆಯ ನಡುವೆ ಒಂದಿಷ್ಟು ಹೊತ್ತು ಸುಮ್ಮನೆ ಕೂರಬಹುದಾಗಿತ್ತು. ಈಗ ಅವರು ಸದಾ ರಂಗದ ಮೇಲಿರುವ ಪಾತ್ರಧಾರಿ.

ಈ ತೆರೆದ ಅಡುಗೆಮನೆ ಹುಟ್ಟಿದ್ದು ಯಾರನ್ನೂ ಪೀಡಿಸುವುದಕ್ಕಲ್ಲ. ಅಮೆರಿಕದ ಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ವಿಸ್ಕಾನ್ಸಿನ್ ಸಂಸ್ಥಾನದ ಮ್ಯಾಡಿಸನ್ನಿನಲ್ಲಿ 1937ರಲ್ಲಿ ಮುಗಿಸಿದ ಜೇಕಬ್ಸ್ ಮನೆ ಸಾಧಾರಣ ವರಮಾನದ, ಆಳುಕಾಳುಗಳಿಲ್ಲದ ಕುಟುಂಬಕ್ಕಾಗಿ ಕಟ್ಟಿದ್ದು. ಅಡುಗೆ ಮಾಡುವವಳು ಮನೆಯವರಿಂದ ದೂರವಾಗಿ ಒಂದು ಮೂಲೆಯಲ್ಲಿ ಕೊಳೆಯಬಾರದೆಂದು ಅಲ್ಲಿ ಅಡುಗೆಯ ಸ್ಥಳವನ್ನು ಉಣ್ಣುವ, ಕೂರುವ ಸ್ಥಳಕ್ಕೆ ಕೂಡಿಸಿದರು. ಉದ್ದೇಶ ಒಳ್ಳೆಯದೇ. ಆದರೆ ಒಲೆಯ ಮೇಲೆ ಏನು ಬೇಯುತ್ತದೆಂಬುದನ್ನು ಕೇಳದೆ ಆ ನಕ್ಷೆಯನ್ನು ಇಲ್ಲಿಗೆ ತಂದದ್ದು ಯಾರ ಬುದ್ಧಿವಂತಿಕೆಯೋ ತಿಳಿಯದು. ದಿನಕ್ಕೆ ಮೂರು ಸಲ ಎಣ್ಣೆ ಕಾಯುವ ಮನೆಗೆ ಬಾಗಿಲೂ, ಹೊಗೆ ಹೋಗಲು ಎದುರುಬದುರು ಕಿಂಡಿಯೂ ಬೇಕು.

ಹಾಗಾದರೆ ಮುಚ್ಚಿದ ಅಡುಗೆಮನೆಯೇ ಸರಿಯೇ ಎಂದರೆ, ಅದಕ್ಕೂ ಒಂದು ಕಥೆಯಿದೆ. ಜರ್ಮನಿಯ ಫ್ರಾಂಕ್‌ಫರ್ಟ್ ನಗರದಲ್ಲಿ 1926ರಲ್ಲಿ ಕಾರ್ಮಿಕರಿಗಾಗಿ ಸಾವಿರಾರು ಮನೆಗಳನ್ನು ಕಟ್ಟಲಾರಂಭಿಸಿದಾಗ ಮಾರ್ಗರೆಟೆ ಶ್ಯುಟ್ಟೆ ಲಿಹೋಟ್ಸ್‌ಕಿ ಎಂಬ ವಿಯೆನ್ನಾ ನಗರದ ಶಿಲ್ಪಿ ಅವುಗಳ ಅಡುಗೆಮನೆಯನ್ನು ಯೋಜಿಸಿದಳು. ಅಗಲ 1.9 ಮೀಟರ್, ಉದ್ದ 3.4 ಮೀಟರ್. ರೈಲಿನ ಊಟದ ಡಬ್ಬಿಯ ಚಿಕ್ಕ ಅಡುಗೆ ಕೋಣೆಯೇ ಅದಕ್ಕೆ ಮಾದರಿ. ಹೆಂಗಸು ನಡೆಯುವ ಹೆಜ್ಜೆಗಳನ್ನು ಎಣಿಸಿ, ಯಾವ ಡಬ್ಬಿ ಎಲ್ಲಿರಬೇಕೆಂಬುದನ್ನು ಗೊತ್ತುಮಾಡಿ, ಕೂತು ಕೆಲಸ ಮಾಡಲು ತಿರುಗುವ ಪೀಠವೊಂದನ್ನಿರಿಸಿ ಮಾಡಿದ ಯೋಜನೆ ಅದು. ಅಂಥವು ಸುಮಾರು 10,000 ಆ ನಗರದ ಮನೆಗಳಲ್ಲಿ ಕೂತವು. ಇಂದಿನ ನಮ್ಮ ಕಪಾಟು ಜೋಡಿಸಿದ ಅಡುಗೆಮನೆಗಳೆಲ್ಲ ಅದರ ಸಂತತಿಯೆಂದು ಹೇಳಬಹುದು. ಇಷ್ಟಾಗಿಯೂ ಅಲ್ಲಿದ್ದವರಿಗೆ ಅದು ಒಗ್ಗಲಿಲ್ಲ. ಒಬ್ಬಳು ನಿಂತರೆ ಇನ್ನೊಬ್ಬರಿಗೆ ಎಡೆಯಿಲ್ಲ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವಂತಿಲ್ಲ. ಮಗಳು ತಾಯಿಗೆ ಕೈಗೂಡಿಸುವಂತಿಲ್ಲ. ಆ ಶಿಲ್ಪಿಯೇ ಮುಂದೆ ವೃದ್ಧಾಪ್ಯದಲ್ಲಿ, ಅದನ್ನು ಯೋಜಿಸುವ ಕಾಲಕ್ಕೆ ತಾನು ಸಂಸಾರ ನಡೆಸಿದವಳೂ ಅಲ್ಲ, ಅಡುಗೆ ಮಾಡಿದವಳೂ ಅಲ್ಲವೆಂದು ನಗುತ್ತ ಒಪ್ಪಿಕೊಂಡಿದ್ದುಂಟು. ಆಕೆಯ ಜಾಣ್ಮೆಯ ಮೇಲೆ ನನಗೆ ಗೌರವವಿದೆ, ಆ ಒಪ್ಪಿಗೆಯ ಮೇಲೆ ಅದಕ್ಕಿಂತ ಹೆಚ್ಚು.

ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆಗೆ ಕನಿಷ್ಠ 9.5 ಚದರ ಮೀಟರನ್ನು ವಿಧಿಸುತ್ತದೆ. ಊಟದ ಜಾಗ ಪ್ರತ್ಯೇಕವಾಗಿದ್ದರೆ ಅಡುಗೆಮನೆಗೆ 5 ಸಾಕೆನ್ನುತ್ತದೆ. ಫ್ರಾಂಕ್‌ಫರ್ಟಿನ ಆ ಇಕ್ಕಟ್ಟಿನ ಕೋಣೆಯೂ ಇದಕ್ಕಿಂತ ದೊಡ್ಡದೇ ಆಯಿತಲ್ಲ! ಕನಿಷ್ಠವೆಂದು ಬರೆದದ್ದು ಕಟ್ಟುವವರ ಕೈಯಲ್ಲಿ ಗರಿಷ್ಠವಾಗುವುದು ಲೋಕದ ರೀತಿ. ಕಟ್ಟೆಯ ಎತ್ತರವೂ ಹಾಗೆಯೇ: ಅಂಗಡಿಯಿಂದ ಸಿದ್ಧವಾಗಿ ಬರುವ ಕಪಾಟಿನ ಅಳತೆ ಎಷ್ಟೋ ಅಷ್ಟು. ಗಿಡ್ಡ ಹೆಂಗಸು ಚಪಾತಿ ಲಟ್ಟಿಸುವಾಗ ಹೆಗಲನ್ನು ಕಿವಿಯವರೆಗೂ ಎತ್ತಬೇಕು. ಮೇಲಿನ ಕಪಾಟಿಗೆ ಮುಕ್ಕಾಲಿ ಬೇಕು, ಮುಕ್ಕಾಲಿಗೆ ಜಾಗ ಬೇಕು, ಜಾಗ ಎಲ್ಲಿದೆ?

ಈಗ ಹಣವುಳ್ಳವರು ಇದಕ್ಕೊಂದು ಪರಿಹಾರವನ್ನು ಕಂಡುಕೊಂಡಿದ್ದಾರೆ. ಮುಂದೆ ನೋಡುವುದಕ್ಕೊಂದು ಅಡುಗೆಮನೆ, ಹಿಂದೆ ಮಾಡುವುದಕ್ಕೊಂದು ಅಡುಗೆಮನೆ. ಹಿಂದಿನದಕ್ಕೆ ಯುಟಿಲಿಟಿ ಎಂದು ಹೆಸರು. ಮೂರಡಿ ಅಗಲದ ಆ ಓಣಿಯಲ್ಲಿ ಬಟ್ಟೆ ಒಗೆಯುವ ಯಂತ್ರ, ಅನಿಲದ ಸಿಲಿಂಡರು, ಕಸದ ಬುಟ್ಟಿ, ರುಬ್ಬುವ ಯಂತ್ರ, ಮುಸುರೆ ಪಾತ್ರೆ, ಮತ್ತು ಪಾತ್ರೆ ತಿಕ್ಕಲು ಬರುವ ಹೆಂಗಸು. ಮುಂದಿನ ಅಡುಗೆಮನೆಯ ಹೊಳಪೆಲ್ಲ ಈ ಹಿಂದಿನ ಓಣಿಯ ಕೃಪೆ. ನಾಲ್ಕಾರು ಬಹುಮಹಡಿ ಕಟ್ಟಡಗಳಲ್ಲಿ ಕೆಲಸದವರು ಏರುವ ಲಿಫ್ಟ್ ಬೇರೆಯೇ ಇರುವುದನ್ನೂ ನಾನು ಕಂಡಿದ್ದೇನೆ. ಇದನ್ನು ಕಂಡಾಗ ನನಗೆ ಹಳೆಯ ಮನೆಗಳ ನೆನಪಾಗುತ್ತದೆ, ಮಧುರವಾದ ನೆನಪಲ್ಲ.

ತೊಟ್ಟಿಮನೆಯನ್ನು ಹೊಗಳುವುದು ಈಗ ಒಂದು ಸಂಪ್ರದಾಯವೇ ಆಗಿದೆ. ಕುಪ್ಪಳಿಗೆ ಹೋಗಿ ಕುವೆಂಪು ಅವರ ಮನೆಯ ತೊಟ್ಟಿಯ ಅಂಚಿನಲ್ಲಿ ನಿಂತವರಿಗೆ ಆ ಮರದ ಕಂಬಗಳ ಗಾಂಭೀರ್ಯ, ಅಂಗಳಕ್ಕೆ ಇಳಿಯುವ ಬೆಳಕು ಮನಸ್ಸಿನಲ್ಲಿ ನಿಲ್ಲುತ್ತವೆ, ನನಗೂ ನಿಂತಿವೆ. ಕಾವಿಯ ನೆಲದ ತಂಪು, ಜಗಲಿಯಲ್ಲಿ ಕುಳಿತು ನೋಡುವ ಮಳೆ, ಇವನ್ನು ಬೇಡವೆನ್ನುವವರಾರು? ಆದರೆ ತೊಟ್ಟಿಮನೆಯ ವೈಭವವನ್ನು ಬರೆಯುವವರು ಬಹುಮಟ್ಟಿಗೆ ಜಗಲಿಯಲ್ಲಿ ಕುಳಿತವರು. ಒಳಗಿದ್ದವರನ್ನು ಕೇಳಿದರೆ ಬೇರೆ ಪಾಠ ದೊರೆಯುತ್ತದೆ. ನಮ್ಮ ಸೋದರತ್ತೆ ಅಂಥ ಮನೆಗೆ ಸೊಸೆಯಾಗಿ ಹೋದವರು. ಅವರು ಆ ಮನೆಯ ಕಂಬಗಳ ಕೆತ್ತನೆಯ ವಿಷಯವನ್ನು ಎಂದೂ ಮಾತನಾಡಿದ್ದಿಲ್ಲ. ಅಡುಗೆಮನೆಯ ಕತ್ತಲು, ಹಸಿ ಸೌದೆಯ ಹೊಗೆ, ಗೇಣುದ್ದದ ಗವಾಕ್ಷಿಯಿಂದ ಬೀಳುತ್ತಿದ್ದ ಒಂದೇ ಕೋಲು ಬೆಳಕು, ಕೈಯಲ್ಲಿ ಕಾದ ಕೊಪ್ಪರಿಗೆ ಹಿಡಿದು ದಾಟಬೇಕಾಗಿದ್ದ ಮೊಳದೆತ್ತರದ ಹೊಸಿಲು, ತಿಂಗಳಿಗೆ ಮೂರು ದಿನ ಕೂರಬೇಕಾಗಿದ್ದ ಹಿತ್ತಲ ಕೋಣೆ: ಅವರ ತೊಟ್ಟಿಮನೆ ಇದು. ಎಪ್ಪತ್ತನೆಯ ವಯಸ್ಸಿನಲ್ಲಿಯೂ ಅವರ ಕಣ್ಣಂಚು ಕೆಂಪಗೇ ಇತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗ್ರಾಮಗಳ ಅಗತ್ಯಕ್ಕಾಗಿ 1974ರಲ್ಲಿ ಅಸ್ತ್ರ ಎಂಬ ಕೇಂದ್ರ ಆರಂಭವಾಯಿತು; ಅಲ್ಲಿನವರು ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳಿಸುವ, ಸೌದೆಯನ್ನು ಉಳಿಸುವ ಒಲೆಯೊಂದನ್ನು ರೂಪಿಸಿದರು. ಅಸ್ತ್ರ ಒಲೆ ಎಂದು ಹಳ್ಳಿಗಳಲ್ಲಿ ಅದು ಹೆಸರಾಯಿತು. ಒಂದು ಕೊಳವೆ! ಅಷ್ಟನ್ನು ಆಲೋಚಿಸಲು, ಕಂಬದಲ್ಲಿ ಗಿಣಿ ಸಾಲನ್ನು ಕಡೆದ ಅಷ್ಟು ತಲೆಮಾರುಗಳಿಗೆ ಬಿಡುವಾಗಿರಲಿಲ್ಲ.

ಜಗಲಿಯೂ ಎಲ್ಲರ ಪಾಲಿಗೆ ಒಂದೇ ಆಗಿರಲಿಲ್ಲ. ಯಾರು ಅಂಗಳದಲ್ಲಿ ನಿಲ್ಲಬೇಕು, ಯಾರು ಮೆಟ್ಟಿಲವರೆಗೆ ಬರಬಹುದು, ಯಾರು ಮೇಲೆ ಕೂರಬಹುದೆಂಬುದು ಕಲ್ಲಿನಲ್ಲಿಯೇ ಕಟ್ಟಿದ ನಿಯಮ. ಪಟ್ಟಣದ ಮನೆಗಳಲ್ಲಿ ಇನ್ನೊಂದು ಅಂಗವಿತ್ತು. 1898ರ ಪ್ಲೇಗಿನ ತರುವಾಯ ಬೆಳೆದ ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಮನೆಗಳ ಬೆನ್ನಿಗೆ ಕಿರಿದಾದ ಸಂದಿಗಳಿವೆ; ಕನ್ಸರ್ವೆನ್ಸಿ ಗಲ್ಲಿಗಳೆಂದು ಅವುಗಳ ಹೆಸರು. ಹಿತ್ತಲ ಪಾಯಿಖಾನೆಯ ಮಲವನ್ನು ಹೊರುವವರು ಬಂದು ಹೋಗುವುದಕ್ಕೆ, ಮನೆಯವರ ಕಣ್ಣಿಗೆ ಬೀಳದಂತೆ, ಅಂದವಾಗಿ ಯೋಜಿಸಿದ ದಾರಿ ಅದು. ಮಲ ಹೊರುವುದನ್ನು ನಮ್ಮ ರಾಜ್ಯದಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ನಿಲ್ಲಿಸಹೊರಟರು. ದೇಶದಲ್ಲಿ ಅದಕ್ಕೆ 1993ರಲ್ಲೊಂದು, 2013ರಲ್ಲೊಂದು ಕಾಯಿದೆ ಬಂದವು. ಆ ಸಂದಿಗಳಲ್ಲಿ ಈಗ ಹೂವಿನ ಕುಂಡಗಳೂ ಸ್ಕೂಟರುಗಳೂ ಇವೆ. ಮನೆಯ ಅಂಗಗಳಲ್ಲೆಲ್ಲ ಅತ್ಯಂತ ಅಸಹ್ಯವಾದ ಅಂಗ ಯಾವುದೆಂದು ಆ ದಾರಿಯಲ್ಲಿ ನಡೆದವರನ್ನು ಯಾರಾದರೂ ಕೇಳಿದ್ದರೆ ಏನು ಉತ್ತರ ಬರುತ್ತಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ. ಮೂರಡಿಯ ಯುಟಿಲಿಟಿಯನ್ನು ಕಂಡಾಗ ನನಗೆ ಈ ಸಂದಿ ನೆನಪಾಗುವುದು ಅತಿಶಯೋಕ್ತಿಯೆಂದು ತೋರಿದರೆ ಓದುಗರು ಕ್ಷಮಿಸಬೇಕು. ಕಷ್ಟದ ತೂಕ ಬೇರೆಯಾದರೂ ನಕ್ಷೆಯ ಗೆರೆ ಒಂದೇ.

ಮುದುಕರ ವಿಷಯವನ್ನೂ ಎರಡು ಮಾತಿನಲ್ಲಿ ಹೇಳಬೇಕು. ಇಪ್ಪತ್ತು ಮೂವತ್ತು ಅಡಿಯ ನಿವೇಶನದಲ್ಲಿ ಮೂರು ಅಂತಸ್ತು ಏರಿಸುವಾಗ ಮೊದಲು ಬಲಿಯಾಗುವುದು ಮೆಟ್ಟಿಲು. ಮೆಟ್ಟಿಲ ಎತ್ತರ 190 ಮಿಲ್ಲಿಮೀಟರನ್ನು ಮೀರಬಾರದು, ಕಾಲಿಡುವ ಅಗಲ 250ಕ್ಕೆ ಕಡಿಮೆಯಾಗಬಾರದೆಂದು ಸಂಹಿತೆ ಹೇಳುತ್ತದೆ. ಬಾಡಿಗೆಯ ಮನೆಗಳ ಹೊರಮೆಟ್ಟಿಲುಗಳನ್ನು ಒಮ್ಮೆ ಅಳೆದು ನೋಡಿ. ಅಳೆಯುವುದೇಕೆ, ಹಾಲಿನ ಪಾತ್ರೆ ಹಿಡಿದು ಒಮ್ಮೆ ಇಳಿದರೆ ಸಾಕು. ಮಹಡಿಯ ಮನೆಯಲ್ಲಿ ಸೇರಿದ ಎಷ್ಟೋ ಮಂದಿ ಹಿರಿಯರು ವಾರಕ್ಕೊಮ್ಮೆಯೂ ಬೀದಿಗಿಳಿಯುವುದಿಲ್ಲ. ಹೊಳೆಯುವ ನೆಲದ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡವರು ನನ್ನ ಪರಿಚಯದಲ್ಲಿಯೇ ಮೂವರಿದ್ದಾರೆ. ಅವರಲ್ಲಿ ಇಬ್ಬರು ಮತ್ತೆ ಸ್ವತಂತ್ರವಾಗಿ ನಡೆಯಲಿಲ್ಲ. ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಒಂದು ಕಂಬಿಯನ್ನು ಹಾಕಿಸಿರೆಂದರೆ, ಆಸ್ಪತ್ರೆಯಂತೆ ಕಾಣುತ್ತದೆಂದು ಮನೆಯವರು ಮುಖ ಸಿಂಡರಿಸುತ್ತಾರೆ.

ತುಮಕೂರಿನಲ್ಲಿ ನನ್ನ ಸೋದರಳಿಯ ಈಗ ಮನೆ ಕಟ್ಟಿಸುತ್ತಿದ್ದಾನೆ. ನಕ್ಷೆಯನ್ನು ಮೇಜಿನ ಮೇಲೆ ಹರಡಿದ ದಿನ ನಾನೂ ಅಲ್ಲಿದ್ದೆ. ಎಂಜಿನಿಯರು ಎದುರುನೋಟವನ್ನು ವಿವರಿಸಿದರು; ವಾಸ್ತು ನೋಡುವವರು ಈಶಾನ್ಯವನ್ನು ವಿಚಾರಿಸಿದರು; ಟಿವಿಯ ಗೋಡೆಯ ಮೇಲೆ ಅರ್ಧ ಗಂಟೆ ಚರ್ಚೆಯಾಯಿತು. ಬಾಗಿಲ ಬಳಿ ನಿಂತಿದ್ದ ಅಕ್ಕ ಕಡೆಗೊಂದು ಮಾತು ಕೇಳಿದಳು: "ಇದರಲ್ಲಿ ನಾನು ಸೊಪ್ಪು ಬಿಡಿಸೋದು ಎಲ್ಲಿ ಕೂತು?" ಎಂಜಿನಿಯರು ಊಟದ ಮೇಜನ್ನು ತೋರಿಸಿದರು. "ಅಲ್ಲಿ ಮಣ್ಣುದುರುತ್ತೆ, ಸ್ವಾಮಿ" ಎಂದಳು. ಸೊಸೆ ಅತ್ತೆಯ ಪಕ್ಷ ವಹಿಸಿದಳು. ಮರುದಿನ ಅಕ್ಕ, ಪಾತ್ರೆ ತೊಳೆಯಲು ಬರುವ ಹೆಂಗಸನ್ನೂ ಕೇಳಿದಳಂತೆ. "ನಿಂತು ತೊಳೆಯೋ ಹಾಗೆ ಮಾಡಿಸ್ರಮ್ಮಾ, ಕೂತ್ರೆ ಮಂಡಿ ಏಳಕ್ಕೆ ಬಿಡಲ್ಲ" ಎಂದು ಆಕೆ ಹೇಳಿದಳಂತೆ.

ಎರಡು ವಾರ ವಾದ ನಡೆದು ನಕ್ಷೆ ಬದಲಾಯಿತು. ಹಜಾರ ಎರಡಡಿ ಚಿಕ್ಕದಾಗಿದೆ. ಟಿವಿ ಬೇರೆ ಗೋಡೆಗೆ ಹೋಗಿದೆ. ಅಡುಗೆಮನೆಗೆ ಬಾಗಿಲು ಬಂದಿದೆ. ಹಿಂದಿನ ಓಣಿ ಐದಡಿಯಾಗಿ, ಅದಕ್ಕೆ ಸೂರೂ, ನಿಂತು ತೊಳೆಯುವ ತೊಟ್ಟಿಯೂ, ಕಿಟಕಿಯ ಕೆಳಗೆ ಕೂರಲು ಒಂದು ಕಲ್ಲುಕಟ್ಟೆಯೂ ಸೇರಿವೆ. ಮೆಟ್ಟಿಲಿಗೆ ಮಾತ್ರ ಇನ್ನೂ ಜಾಗ ಸಾಲದೆ ಎಂಜಿನಿಯರು ತಲೆ ಕೆರೆದುಕೊಳ್ಳುತ್ತಿದ್ದಾರೆ.